ಹೊಸಮ್ಮನ ಬಣ್ಣ

ಐಸ್ ಕಾರ್ಖಾನೆಯ ಪಕ್ಕದ ಗೋಡೆಯ ಮೇಲೆ ‘ನಾವು ಯಾರು’ ಎಂದು ಹೇಳುವ ದೊಡ್ಡ ಚಿತ್ರವೊಂದನ್ನು ಬರೆಸಬೇಕೆಂದು ಬೀದಿಯ ಸಂಘ ಒಕ್ಕೊರಲಿನಿಂದ ತೀರ್ಮಾನಿಸಿತು. ಒಕ್ಕೊರಲು ಅಲ್ಲಿಗೇ ಮುಗಿಯಿತು. ನಾವು ಯಾರು ಎಂದು ಕೇಳಿದ್ದೇ ತಡ, ಸಭೆಯಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ಮೀರಿಸಲು ನಿಂತರು. ಬೇಕರಿಯವನ ಮನೆತನದವರು ಹಡಗು ನಡೆಸುತ್ತಿದ್ದರಂತೆ, ಆದ್ದರಿಂದ ಗೋಡೆಯ ಮೇಲೆ ಹಡಗು ಬರಲೇಬೇಕು. ಕ್ಷೌರದಂಗಡಿಯ ಮಾವ ಸಂಘದ ಅಧ್ಯಕ್ಷ ಬೇರೆ, ಸುಮ್ಮನಿರುತ್ತಾನೆಯೆ? ತನ್ನ ತಾತನ ತಾತ ರಾಜನ ಗಡ್ಡ ಬೋಳಿಸುತ್ತಿದ್ದನೆಂದ. ಯಾವ ರಾಜ ಎಂದು ಯಾರೋ ಕೇಳಿದರೆ, ಗಡ್ಡ ಇದ್ದ ರಾಜ ಎಂದ. ಆಗ ಮೂಲೆಯಲ್ಲಿ ಕೂತಿದ್ದ ವಾಚು ರಿಪೇರಿಯ ಅಜ್ಜ ಕಣ್ಣಿನ ಮಸೂರ ತೆಗೆದು ನಿಧಾನವಾಗಿ ಹೇಳಿದ: “ನಿಮ್ಮ ತಾತ, ನಮ್ಮಪ್ಪ, ಈ ಬೇಕರಿಯವನ ತಾತ, ಮೂರೂ ಜನ ಒಂದೇ ಗೂಡ್ಸ್ ಬಂಡೀಲಿ ಬಂದಿಳಿದಿದ್ದು ಕಣಯ್ಯಾ. ಟಿಕೆಟ್ಟೂ ಇರಲಿಲ್ಲ.”

ಸಭೆ ತಣ್ಣಗಾಯಿತು. ಗೋಡೆಯ ಕೆಲಸ ಒಪ್ಪಿಕೊಂಡಿದ್ದ ಚಿತ್ರದಕ್ಕ ಅದೇ ಸಂದು ನೋಡಿ ಎದ್ದು ನಿಂತಳು. ಹಡಗೂ ಬೇಡ, ರಾಜನೂ ಬೇಡ, ಈಗ ಬೀದಿಯಲ್ಲಿ ಇರುವ ಮನೆಗೊಬ್ಬರ ಮುಖ ಬರೆಯುತ್ತೇನೆ, ಸಾಲಾಗಿ ನಿಂತ ಹಾಗೆ, ತಲೆಯಿಂದ ಕಾಲಿನವರೆಗೆ ಆಳೆತ್ತರ. ನಾವು ಯಾರು ಎಂದು ಕೇಳಿದವರಿಗೆ ಬೆರಳು ಮಾಡಿ ತೋರಿಸಿದರಾಯಿತು ಎಂದಳು. ಮುಖ ಎಂದ ಮೇಲೆ ಯಾರು ತಾನೇ ಬೇಡ ಎನ್ನುತ್ತಾರೆ? ಒಟ್ಟು ನಲವತ್ತೆರಡು ಮನೆ, ನಲವತ್ತೆರಡು ಮುಖ.

ಚಿತ್ರದಕ್ಕ ಇದೇ ಬೀದಿಯಲ್ಲಿ ಹುಟ್ಟಿದವಳು. ಹದಿನೈದು ವರ್ಷ ಊರೂರು ಸುತ್ತಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಗೋಡೆಗಳಿಗೆ ಅಲ್ಲಲ್ಲಿಯ ಜನರ ಚಿತ್ರ ಬರೆದಿದ್ದಳು. ಮೊದಲ ಗೋಡೆಯಲ್ಲೇ ಅವಳಿಗೆ ಒಂದು ಪಾಠವಾಗಿತ್ತು. ಮೀನುಗಾರರ ಕೇರಿಯೊಂದರಲ್ಲಿ ಮೂವತ್ತು ಜನರ ಮೈಗೆ ಒಂದೇ ಬಕೆಟ್ಟಿನ ಕಂದು ಬಳಿದು, ಕೈ ಒರೆಸಿಕೊಂಡು, ಹೆಮ್ಮೆಯಿಂದ ನಿಂತಿದ್ದಳು. ಮುದುಕಿಯೊಬ್ಬಳು ಬಂದು ಆ ತುದಿಯಿಂದ ಈ ತುದಿಯವರೆಗೆ ಎರಡು ಸಲ ನಡೆದು, “ಇದರಲ್ಲಿ ನಾನ್ಯಾರಮ್ಮ?” ಎಂದು ಕೇಳಿದಳು. ಚಿತ್ರದಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂದಿನಿಂದ ಅವಳದು ಒಂದೇ ಕಟ್ಟುನಿಟ್ಟು. ಯಾರ ಮುಖ ಬರೆಯಬೇಕೋ ಅವರು ಎದುರಿಗೆ ಕೂತು ಕೈ ಚಾಚಬೇಕು. ಅವಳು ಬಣ್ಣ ಕಲಸಿ ಅವರ ಮಣಿಕಟ್ಟಿನ ಒಳಭಾಗಕ್ಕೆ ಒಂದು ಬೊಟ್ಟು ಹಚ್ಚಬೇಕು. ಒಣಗಿದ ಮೇಲೆ ಬೊಟ್ಟು ಎದ್ದು ಕಂಡರೆ ಬಣ್ಣ ತಪ್ಪು. ಹಚ್ಚಿದ್ದೆಲ್ಲಿ ಎಂದು ಹುಡುಕುವಂತಾದರೆ ಸರಿ. ಕೈ ಕೊಡದವರ ಮುಖ ಬರೆಯುವುದಿಲ್ಲ.

ಮೊದಲು ಕೂತವನು ಅಧ್ಯಕ್ಷ ಮಾವನೇ. ಬಿಳಿ ಮೂರು ಚಮಚ, ಕಾವಿ ಒಂದು, ಹಳದಿ ಅರ್ಧ, ಆಮೇಲೆ ಒಂದು ತೊಟ್ಟು ನೀಲಿ.

“ನೀಲಿ ಯಾಕೆ ಮಗಳೇ? ನಾನೇನು ಸತ್ತು ಬಿದ್ದಿದ್ದೀನಾ?”

“ನೀಲಿ ಇಲ್ಲದೆ ಯಾರ ಚರ್ಮಾನೂ ಆಗಲ್ಲ ಮಾವ. ಸುಮ್ಮನೆ ಕೂತ್ಕೊಳ್ಳಿ.”

“ಹಾಗಾದ್ರೆ ಬಿಳಿ ಇನ್ನೊಂದು ಚಮಚ ಜಾಸ್ತಿ ಹಾಕು. ಅಧ್ಯಕ್ಷ ಅಂತ ಸ್ವಲ್ಪ ಮರ್ಯಾದೆ ಬೇಡ್ವಾ?”

ಹೀಗೆ ಒಬ್ಬೊಬ್ಬರೊಡನೆ ಒಂದೊಂದು ಜಗಳ. ನರ್ಸಮ್ಮ ಪಾಳಿ ಮುಗಿಸಿ ಬಂದು ಕೂತಲ್ಲೇ ತೂಕಡಿಸಿದಳು. ಬಸ್ ಕಂಡಕ್ಟರ್ ಎರಡೂ ಕೈ ಚಾಚಿ ಯಾವುದು ಚೆನ್ನಾಗಿದೆಯೋ ಅದನ್ನು ತಗೋ ಎಂದ. ಎರಡು ವಾರ ಹಿಡಿದ ಕೆಲಸ. ಕಲಸಿದ ಬಣ್ಣವನ್ನೆಲ್ಲ ಚಿತ್ರದಕ್ಕ ಪುಟ್ಟ ಗಾಜಿನ ಬಾಟಲಿಗಳಲ್ಲಿ ತುಂಬಿ, ಮುಚ್ಚಳ ಬಿಗಿದು, ಯಾರದು ಎಂದು ಚೀಟಿ ಅಂಟಿಸಿದಳು. ನಲವತ್ತೊಂದು ಬಾಟಲಿ. ನಲವತ್ತೆರಡನೆಯದು ಖಾಲಿ ಉಳಿಯಿತು. ಅದು ಅವಳ ಸ್ವಂತ ಮನೆಯದು, ಅವಳ ಅಮ್ಮನದು.

ಅಮ್ಮನನ್ನು ಬೀದಿಯವರೆಲ್ಲ ಹೊಸಮ್ಮ ಎನ್ನುತ್ತಿದ್ದರು. ಗಂಡನಿಗೆ ಐಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ದೂರದಿಂದ ಬಂದವಳು. ಬಂದ ವಾರ ಯಾರೋ ಹೊಸಬಳು ಎಂದರು, ಅದೇ ನಿಂತಿತು. ಮೂವತ್ತೆಂಟು ವರ್ಷವಾಯಿತು, ಆಮೇಲೆ ಬಂದವರ ಮಕ್ಕಳಿಗೆ ಮಕ್ಕಳಾದವು, ಅವೂ ಹೊಸಮ್ಮಜ್ಜಿ ಎನ್ನುತ್ತವೆ. ಅವಳ ಕಸುಬು ರಫು. ಹರಿದ ಬಟ್ಟೆಗೆ ಅದೇ ಬಣ್ಣದ ಎಳೆ ಹುಡುಕಿ, ಹಾಸು ಹೊಕ್ಕು ನೇಯ್ದು, ಹರಿದದ್ದು ಎಲ್ಲಿ ಎಂದು ಹರಿದವನಿಗೇ ತಿಳಿಯದಂತೆ ಮಾಡುವುದು. ಕಿಟಕಿಯ ಬಳಿ ಒಂದು ಮಣೆ, ಎದುರಿಗೆ ಬಂದವರಿಗೆ ಒಂದು ಸ್ಟೂಲು, ಗೋಡೆಯ ಮೇಲೆ ಮುನ್ನೂರು ನೂಲಿನ ರೀಲು. ಏನನ್ನೂ ಎಸೆಯುವ ಜಾಯಮಾನವಲ್ಲ. ಒಂದು ಗೇಣು ದಾರವನ್ನೂ ಕಾಗದದ ಚೂರಿಗೆ ಸುತ್ತಿ ಇಡುವಾಕೆ.

ಈ ಬೀದಿಗಿರುವುದು ಒಂದೇ ಒಂದು ಹಳೆಯ ಫೋಟೋ. ಕಾರ್ಖಾನೆಗೆ ದೊಡ್ಡ ಯಂತ್ರ ಬಂದ ದಿನ ಬೀದಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದದ್ದು. ಕ್ಷೌರದಂಗಡಿಯಲ್ಲಿ ಕನ್ನಡಿಯ ಮೇಲೆ ನೇತುಹಾಕಿದೆ. ಅದರಲ್ಲಿ ಚಿತ್ರದಕ್ಕನ ಈಗಿಲ್ಲದ ಅಪ್ಪ, ಕಾರ್ಖಾನೆಯವನೆಂದು ಎರಡನೇ ಸಾಲಿನಲ್ಲಿ ಎದೆಯುಬ್ಬಿಸಿ ನಿಂತಿದ್ದಾನೆ. ಬಲಗಡೆಯ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ, ಅದಕ್ಕೆ ಜೋತುಬಿದ್ದ ನಾಲ್ಕು ಕೋಟು. ಅದು ಹೊಸಮ್ಮ. ಬಂದು ಎಂಟು ದಿನವಾಗಿತ್ತು. ಸಾಲಿನಲ್ಲಿ ನಿಲ್ಲಲು ಹೋದವಳಿಗೆ ಯಾರೋ, ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಇದು ಬೀದಿಯವರದು, ಎಂದರಂತೆ. ಸರಿದಳು. ಸುಮ್ಮನೆ ನಿಂತಿದ್ದೀರಲ್ಲ ಎಂದು ಕೋಟುಗಳನ್ನೂ ಕೊಟ್ಟರಂತೆ. ಅವಳು ಇದನ್ನು ನಗುನಗುತ್ತಲೇ ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ಚಿತ್ರದಕ್ಕನೂ ನಗುತ್ತಿದ್ದಳು. ದೊಡ್ಡವಳಾದ ಮೇಲೆ ಆ ಕಥೆ ಶುರುವಾದರೆ ಅವಳು ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದಳು.

ಗೋಡೆಯ ಕೆಲಸ ಒಪ್ಪಿಕೊಂಡದ್ದೂ ಅದಕ್ಕೇ, ಯಾರಿಗೂ ಹೇಳಿರಲಿಲ್ಲ ಅಷ್ಟೆ. ಊರವರ ಅಮ್ಮಂದಿರನ್ನೆಲ್ಲ ಗೋಡೆಗೇರಿಸಿದ ಮೇಲೆ ತನ್ನ ಅಮ್ಮನನ್ನು ಇಡಿಯಾಗಿ, ಮೊಣಕೈಯಷ್ಟೇ ಅಲ್ಲ, ಒಂದು ಸಲ ಬರೆಯಬೇಕು. ಆದರೆ ಅಮ್ಮ ಕೈ ಕೊಡಳು.

“ಅಮ್ಮಾ, ಎರಡೇ ನಿಮಿಷ. ಕೈ ಚಾಚು.”

“ಬೀದಿಯವರದ್ದು ತಾನೇ ಚಿತ್ರ? ನನ್ನನ್ನ ಯಾಕೆ ಅದರೊಳಗೆ ತುರುಕ್ತೀಯ? ನಿನ್ನ ಮುಖಾನೇ ಬರ್ಕೋ, ನೀನು ಇಲ್ಲೇ ಹುಟ್ಟಿದೋಳು.”

“ಮೂವತ್ತೆಂಟು ವರ್ಷ ಆಯ್ತಲ್ಲಮ್ಮ!”

“ಆಗಲಿ ಬಿಡು. ಸೂಜೀಗೆ ದಾರ ಪೋಣಿಸಿಕೊಡು, ಕಣ್ಣು ಕಾಣ್ತಿಲ್ಲ.”

ಮಗಳು ಪೋಣಿಸಿಕೊಟ್ಟಳು. ಅಮ್ಮನ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಅದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಪರದೆ ಸರಿಸುವುದೆಂದು ಸಂಘ ಗೊತ್ತು ಮಾಡಿತು. ಬುಧವಾರ ಸಂಜೆ ಮನೆಗೆ ಬಂದ ಚಿತ್ರದಕ್ಕ ಚಪ್ಪಲಿ ಬಿಡುತ್ತ, “ಅಬ್ಬಾ, ಮುಖ ಎಲ್ಲಾ ಮುಗೀತಮ್ಮ” ಎಂದಳು. ಅವಳು ಹೇಳಿದ್ದು ಇದ್ದಿಲಿನಲ್ಲಿ ಗೆರೆ ಎಳೆದದ್ದರ ಮಾತು. ಬಣ್ಣ ಕಂಡದ್ದು ಇನ್ನೂ ಒಂಬತ್ತೇ ಮುಖ. ಆದರೆ ಮಾತು ಬಾಯಿಂದ ಬಿದ್ದ ಮೇಲೆ ಕೇಳಿಸಿಕೊಂಡವರ ಪಾಲಿಗೆ ಅದು ಕೇಳಿಸಿದಷ್ಟೇ.

ಗುರುವಾರ ಬೆಳಿಗ್ಗೆ ಗೋಡೆ ಹತ್ತಲು ಕಟ್ಟಿದ್ದ ಸಾರುವೆಯ ಹಲಗೆಗಳನ್ನು ಬಿಗಿಸಿ, ಬಣ್ಣ ಕೊಂಡೊಯ್ಯಲು ಬಂದವಳು ಬಾಗಿಲಲ್ಲೇ ನಿಂತಳು. ಕಿಟಕಿಯ ಕಟ್ಟೆಯ ಮೇಲೆ ತೊಳೆದು ಒರೆಸಿದ ನಲವತ್ತೊಂದು ಬಾಟಲಿಗಳು ಬಿಸಿಲಿಗೆ ಥಳಥಳ ಹೊಳೆಯುತ್ತ ಕೂತಿದ್ದವು. ಒಂದೊಂದರಲ್ಲೂ ಗುಂಡಿಗಳು. ಎಷ್ಟೆಂದರೂ ಅವು ಅಮ್ಮನ ಗುಂಡಿಯ ಬಾಟಲಿಗಳೇ, ಮಗಳು ಎರವಲು ತಂದದ್ದು. ಚೀಟಿಗಳು ಬಿಸಿನೀರಿನಲ್ಲಿ ನೆನೆದು ಬಚ್ಚಲ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದವು.

“ಅಮ್ಮಾ... ಬಣ್ಣ?”

“ಉಳಿದಿದ್ದನ್ನ ಎಸೆಯೋದ್ಯಾಕೆ ಅಂತ ಎಲ್ಲಾ ಒಂದು ಬಕೆಟ್ಟಿಗೆ ಸುರಿದಿಟ್ಟಿದ್ದೀನಿ ಕಣೇ. ಹಿತ್ತಲ ಬಾಗಿಲಿಗೆ ಎರಡು ಕೈ ಹೊಡೆಯೋಕೆ ಸಾಕಾಗತ್ತೆ.”

ಚಿತ್ರದಕ್ಕ ಬಕೆಟ್ಟಿನೊಳಗೆ ಇಣುಕಿದಳು. ಅಧ್ಯಕ್ಷರು, ನರ್ಸಮ್ಮ, ಕಂಡಕ್ಟರ್, ವಾಚಿನಜ್ಜ, ಬೇಕರಿಯವನು, ಎಲ್ಲರೂ ಸೇರಿ ಒಂದು ಮಂಕು ಕಂದು. ಮೀನುಗಾರರ ಕೇರಿಯಲ್ಲಿ ಬಳಿದಿದ್ದ ಅದೇ ಕಂದು. ಅವಳು ಬಂದು ಅಮ್ಮನ ಎದುರಿನ ಸ್ಟೂಲಿನ ಮೇಲೆ ಕೂತಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

“ಮುಖ ಮುಗೀತು ಅಂದ್ಯಲ್ಲೇ ನೀನೇ!”

“ಗೆರೆ ಮುಗೀತು ಅಂದೆನಮ್ಮಾ. ಇನ್ನೂ ಮೂವತ್ತೆರಡು ಜನಕ್ಕೆ ಬಣ್ಣಾನೇ ಹಚ್ಚಿಲ್ಲ. ಅವರನ್ನೆಲ್ಲ ಮತ್ತೆ ಕೂರಿಸೋಕೆ ಎರಡು ವಾರ ಬೇಕು. ನನ್ನ ಹತ್ರ ಇರೋದು ಮೂರು ದಿನ.”

ಹೊಸಮ್ಮನ ಮುಖ ಸಪ್ಪಗಾಯಿತು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಮಣೆಯ ಮೇಲೆ ಕೂತು, ಹರಿದ ಕೋಟೊಂದನ್ನು ಆಚೆ ಸರಿಸಿ ಜಾಗ ಮಾಡಿದಳು.

“ಬಿಳಿ ಕೊಡು ಇಲ್ಲಿ. ಕಾವಿ ಎಲ್ಲಿ? ಆ ಚಮಚ ಬೇಡ, ನನ್ನ ಕೈಗೆ ದೊಡ್ಡದು. ಮೊದಲು ಯಾರು? ನರ್ಸಮ್ಮ ತಾನೇ?”

“ಅಮ್ಮಾ, ಅವರು ಡ್ಯೂಟೀಲಿ ಇದ್ದಾರೆ.”

“ಇರಲಿ ಬಿಡೇ, ಅವಳನ್ನ ಯಾಕೆ ಕರೀಬೇಕು? ಅವಳ ಕೈಗೆ ಬಿಸಿಲೇ ಬೀಳಲ್ಲ. ಹಳದಿ ಕಡಿಮೆ. ಸೋಪಿನ ನೀರಲ್ಲಿ ತೊಳೆದೂ ತೊಳೆದೂ ಬೆರಳ ಸಂದು ಕೆಂಪಾಗಿದೆ, ಆದ್ರೆ ಮಣಿಕಟ್ಟು ಹಾಗಿಲ್ಲ.” ಹೇಳುತ್ತ ಹೇಳುತ್ತಲೇ ಕಲಸಿದಳು. ಬೆಳಕಿಗೆ ಹಿಡಿದಳು, ಒಂದು ಹನಿ ಕಪ್ಪು ಬಿಟ್ಟಳು, ಮತ್ತೆ ಹಿಡಿದಳು. “ಹ್ಞೂಂ. ಇವಳೇ. ಮುಂದೆ?”

ಮುಂದಿನವನು ಕಂಡಕ್ಟರ್. “ಅವನದು ಕಿಟಕಿ ಕಡೆ ಕೈ ಒಂದು ಬಣ್ಣ, ಒಳಗಡೆ ಕೈ ಒಂದು ಬಣ್ಣ. ನೀನು ಯಾವುದು ತಗೊಂಡಿದ್ದೆ?”

“ಎಡಗೈ.”

“ಸರಿ ಹಾಗಾದ್ರೆ, ಕಾವಿ ಜಾಸ್ತಿ.”

ಮಗಳು ಕಣ್ಣು ಬಾಯಿ ಬಿಟ್ಟು ನೋಡಿದಳು. ತಾನು ಹದಿನೈದು ವರ್ಷದಲ್ಲಿ ಕಲಿತದ್ದನ್ನು ಈಕೆ ಕಿಟಕಿಯ ಬಳಿ ಕೂತಲ್ಲೇ ಕಲಿತದ್ದು ಯಾವಾಗ? ಕೇಳಿಯೇಬಿಟ್ಟಳು. ಹೊಸಮ್ಮ ಬಣ್ಣದ ಬೌಲಿನಿಂದ ಕಣ್ಣೆತ್ತಲಿಲ್ಲ.

“ಹರಿದ ಬಟ್ಟೆ ತರ್ತಾರೆ, ಆಗೋವರೆಗೂ ಎದುರಿಗೆ ಕೂತಿರ್ತಾರೆ. ಮೊದಮೊದಲು ನಂಗೆ ಮುಖ ನೋಡಿ ಮಾತಾಡೋಕೆ ಅಳುಕು. ನನ್ನ ಮಾತು ಕೇಳಿ ನಕ್ಕುಬಿಡ್ತಾರೇನೋ ಅಂತ. ಅದಕ್ಕೆ ಅವರ ಕೈ ನೋಡ್ಕೊಂಡು ಕೂರ್ತಿದ್ದೆ. ಆಮೇಲೆ ಅದೇ ಅಭ್ಯಾಸ ಆಯ್ತು. ಈ ಬೀದೀಲಿ ಯಾರ ಕೈ ಹೇಗೆ ವಯಸ್ಸಾಯ್ತು ಅನ್ನೋದು ನಂಗೆ ಗೊತ್ತಿದೆ ಕಣೇ.”

ಚಿತ್ರದಕ್ಕ ಮುಂದಿನ ಬೌಲು ತೆಗೆದುಕೊಟ್ಟಳು.

ನಂಬಿಕೆ ಬೇರೆ, ಪರೀಕ್ಷೆ ಬೇರೆ. ಅಧ್ಯಕ್ಷ ಮಾವನ ಮುಖ ಗೋಡೆಯ ಮೇಲೆ ಆಗಲೇ ಮುಗಿದಿತ್ತಾದರೂ, ಪರೀಕ್ಷೆಗೆ ಕೈಗೆ ಸಿಗುವಷ್ಟು ಹತ್ತಿರ ಇದ್ದವನು ಅವನೇ. ಹೊಸಮ್ಮ ಅವನಿಲ್ಲದೆ ಕಲಸಿಕೊಟ್ಟ ಬಣ್ಣವನ್ನು ಮಗಳು ಅಂಗಡಿಗೇ ಒಯ್ದು, ಒಬ್ಬರ ಕೆನ್ನೆಗೆ ನೊರೆ ಹಚ್ಚುತ್ತಿದ್ದವನ ಕೈ ಎಳೆದು ಬೊಟ್ಟಿಟ್ಟಳು. ಗಾಳಿ ಬೀಸಿ ಒಣಗಿಸಿದಳು. ಮಾವ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. ನೊರೆ ಮೆತ್ತಿಕೊಂಡ ಗಿರಾಕಿಯೂ ಕುರ್ಚಿಯಿಂದ ಎದ್ದು ಬಂದು ಹುಡುಕಿದ. ಬೊಟ್ಟು ಇಲ್ಲ.

“ನೀನು ಮಾಡಿದ್ದು ಕಣ್ಣು ಕಿರಿದು ಮಾಡಿದ್ರೆ ಸ್ವಲ್ಪ ಕಾಣಿಸ್ತಿತ್ತು ಮಗಳೇ,” ಎಂದ ಮಾವ, “ನಿಂಗೆ ಬೇಜಾರಾಗುತ್ತೆ ಅಂತ ನಾನೇ ಸುಮ್ಮನಿದ್ದೆ. ಇದು ಯಾರು ಕಲಸಿದ್ದು?”

ಯಾರೆಂದು ತಿಳಿಯಲು ಬೀದಿಗೆ ಅರ್ಧ ದಿನವೂ ಬೇಕಾಗಲಿಲ್ಲ. ಶುಕ್ರವಾರವಿಡೀ ಹೊಸಮ್ಮನ ಕಿಟಕಿಯ ಮುಂದೆ ಜನ. ಹರಿದ ಬಟ್ಟೆ ಇಲ್ಲದವರೂ ಬಂದರು. ತಮ್ಮ ಬಣ್ಣ ಆಯಿತೇ ಎಂದು ಕೇಳಿ, ಕೈ ಒಡ್ಡಿ, ಬೊಟ್ಟು ಮಾಯವಾದದ್ದನ್ನು ನೋಡಿ ಹೋ ಎಂದು ಕೂಗಿ ಹೋದರು. ಬೇಕರಿಯವನು ಸ್ವಲ್ಪ ಬೆಳ್ಳಗೆ ಮಾಡಿ ಎಂದು ಗುಟ್ಟಾಗಿ ಕೇಳಿ ಬೈಸಿಕೊಂಡ. ಅಮ್ಮ ಕಲಸುವುದು, ಮಗಳು ಸಾರುವೆ ಹತ್ತಿ ತುಂಬುವುದು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆಲ್ಲ ನಲವತ್ತೊಂದು ಮುಖಗಳು ಗೋಡೆಯ ಮೇಲೆ, ಒಂದೊಂದೂ ತಾನೇ ತಾನಾಗಿ ನಿಂತಿದ್ದವು.

ಭಾನುವಾರದವರೆಗೆ ತಾಳಲಾರದೆ ಬೀದಿಗೆ ಬೀದಿಯೇ ನೋಡಲು ನೆರೆಯಿತು. ಹೊಸಮ್ಮನೂ ಬಂದು ಎಲ್ಲರ ಹಿಂದೆ ನಿಂತಳು. ತಮ್ಮ ತಮ್ಮ ಮುಖವನ್ನು ಗುರುತಿಸಲು ಯಾರಿಗೂ ಕಷ್ಟವಾಗಲಿಲ್ಲ. ಗಲಾಟೆಯೋ ಗಲಾಟೆ. ಸಾಲಿನ ನಡುವೆ ಖಾಲಿ ಇದ್ದದ್ದು ಮೊದಲು ಕಂಡದ್ದು ವಾಚಿನಜ್ಜನಿಗೆ.

“ನಡುವೆ ಇದೇನಮ್ಮ, ಒಬ್ಬರು ಹಿಡಿಸೋವಷ್ಟು ಜಾಗ ಬಿಟ್ಟಿದ್ದೀಯ?”

“ನಮ್ಮ ಮನೇದು ಅಜ್ಜ. ಅಮ್ಮ ಕೈ ಕೊಡ್ತಿಲ್ಲ.”

ಎಲ್ಲರೂ ಹಿಂದಕ್ಕೆ ತಿರುಗಿದರು. ಹೊಸಮ್ಮನಿಗೆ ಓಡಿಹೋಗಲೂ ದಾರಿಯಿಲ್ಲ, ಬೆನ್ನಿಗೆ ಬೇಕರಿಯ ಗೋಡೆ.

“ನಂದೇನಿದೆ ಅಲ್ಲಿ? ಬೀದಿಯವರು ನೀವೆಲ್ಲ ಇದ್ದೀರಲ್ಲ, ಚೆನ್ನಾಗಿದೆ. ನನ್ನ ಜಾಗದಲ್ಲಿ ಒಂದು ಹೂಕುಂಡ ಬರೆದುಬಿಡು ಮಗಳೇ.”

ಕ್ಷೌರದಂಗಡಿಯ ಮಾವ ಜನರನ್ನು ಸರಿಸಿಕೊಂಡು ಮುಂದೆ ಬಂದ. ಸಭೆಗಳಲ್ಲಿ ಮೈಕು ಇಲ್ಲದೆ ಮೂರು ಬೀದಿಗೆ ಕೇಳಿಸುವಂತೆ ಮಾತಾಡುವ ಮನುಷ್ಯ, ಈಗ ಮೆತ್ತಗೆ ಹೇಳಿದ.

“ಹೊಸಮ್ಮಾ, ಅವತ್ತು ಫೋಟೋ ದಿನ ಸರಿಯಿರಿ ಅಂದಿದ್ದು ನಾನೇ.”

“ಗೊತ್ತು,” ಎಂದಳು ಹೊಸಮ್ಮ. “ಆ ಕೋಟುಗಳಲ್ಲಿ ಒಂದು ನಿಮ್ಮದೇ. ಒಳಜೇಬು ಹರಿದಿತ್ತು.”

“ಇಪ್ಪತ್ತೆರಡು ವರ್ಷ ವಯಸ್ಸು ನಂಗೆ, ದೊಡ್ಡ ಯಜಮಾನನ ಹಾಗೆ ಆಡ್ತಿದ್ದೆ. ಅವತ್ತಿಂದ ಇವತ್ತಿನವರೆಗೆ ಯಾರಿಗೆ ಕ್ಷೌರ ಮಾಡೋಕೆ ನಿಂತ್ರೂ ಕಣ್ಣೆತ್ತಿದ್ರೆ ನಿಮ್ಮ ಮೊಣಕೈ. ಫೋಟೋ ತೆಗೆದುಬಿಡೋಣ ಅಂದ್ರೆ ಬೀದಿಗಿರೋದು ಅದೊಂದೇ. ಹೇಳಬೇಕು ಹೇಳಬೇಕು ಅಂತ ಮೂವತ್ತೆಂಟು ವರ್ಷ ಆಯ್ತು. ತಪ್ಪಾಯ್ತಮ್ಮ.”

ಹೊಸಮ್ಮ ಅವನ ಕೈಯನ್ನೇ ನೋಡುತ್ತಿದ್ದಳು, ರೂಢಿಯಂತೆ. ಆಮೇಲೆ, ತೀರ ಅಪರೂಪಕ್ಕೆ, ತಲೆಯೆತ್ತಿ ಮುಖ ನೋಡಿದಳು. ಮುಖ ನೋಡಿದವಳಿಗೆ ಏನು ಅನ್ನಿಸಿತೋ, “ಅಯ್ಯೋ ಬಿಡಿ, ಕಣ್ಣೊರೆಸಿಕೊಳ್ಳಿ, ಅಧ್ಯಕ್ಷರು ಅಳಬಾರದು” ಎಂದಳು. ಆದರೂ ಸೋಲು ಒಪ್ಪುವ ಹೆಂಗಸಲ್ಲ. ಕೊನೆಯದಾಗಿ ಒಂದು ಅಡ್ಡಗಾಲು ಹಾಕಿದಳು: “ಬಣ್ಣ ಇಲ್ಲದೆ ಬರೆಯೋ ಹಾಗಿಲ್ಲ, ಅಲ್ವೇನೇ? ನನ್ನ ಬಣ್ಣ ನಂಗೇ ಗೊತ್ತಿಲ್ಲ. ನಿಮಗ್ಯಾರಿಗೆ ಗೊತ್ತು?” ಎಂದು ಸವಾಲೆಂಬಂತೆ ಕೈ ಚಾಚಿದಳು.

ಚಿತ್ರದಕ್ಕ ಅಲ್ಲೇ ನೆಲಕ್ಕೆ ಕೂತು ಕಲಸಿದಳು. ಅಮ್ಮನ ಬಣ್ಣ ನೋಡಿ ಬೇರೆ ಕಲಸಬೇಕೇ? ತನಗೆ ಬಾಯಿಪಾಠ ಎಂದುಕೊಂಡಳು. ಬೊಟ್ಟಿಟ್ಟಳು. ಒಣಗಿತು. ಕೈಗಿಂತ ತಿಳಿಯಾಗಿ, ಢಾಳಾಗಿ ಎದ್ದು ಕಂಡಿತು. ಅವಳು ಕಲಸಿದ್ದು ತನ್ನನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಅಮ್ಮನ ಕೈಯ ಬಣ್ಣ. ಈ ಕೈ ಅಷ್ಟರಲ್ಲಿ ಬಹಳ ದೂರ ಬಂದಿತ್ತು. ಮಗಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

“ಕಾವಿ ಸಾಲದು,” ಎಂದಳು ಹಿಂದಿನಿಂದ ನರ್ಸಮ್ಮ. “ನನ್ನ ಯೂನಿಫಾರ್ಮ್ ತೋಳು ಹೊಲಿಯೋವಾಗ ಬಿಳಿ ಬಟ್ಟೆ ಮೇಲೆ ಈ ಕೈ ಎಷ್ಟು ಸಲ ನೋಡಿಲ್ಲ! ಇನ್ನೂ ಕೆಂಪಿದೆ.”

“ಕೆಂಪಲ್ಲ, ಹಳದಿ,” ಎಂದ ಕಂಡಕ್ಟರ್. “ಕಿಟಕಿ ಪಕ್ಕ ಕೂತು ಕೂತು ಈ ಕೈಗೂ ನನ್ನ ಕೈಗಾದ ಗತಿಯೇ ಆಗಿದೆ.”

“ನೀಲಿ ಒಂದು ತೊಟ್ಟು,” ಎಂದ ವಾಚಿನಜ್ಜ. “ನರ ಕಾಣಿಸ್ತಾ ಇದೆ. ಹೋದ ವರ್ಷ ಇರಲಿಲ್ಲ.”

ಬೇಕರಿಯವನು ಬಿಳಿ ಬೇಡ ಎಂದ, ಮಾವ ಬಿಳಿ ಬೇಕೇ ಬೇಕು ಎಂದ. ಇಬ್ಬರೂ ಚಮಚಕ್ಕೆ ಕೈ ಹಾಕಿ ಕಿತ್ತಾಡಿದರು. ನಲವತ್ತೊಂದು ಮನೆಯವರು ನಲವತ್ತೊಂದು ಬುದ್ಧಿ ಹೇಳಿದರು, ಚಿತ್ರದಕ್ಕ ಮುಖ್ಯವಾದವನ್ನು ಕೇಳಿದಳು, ಮಿಕ್ಕವಕ್ಕೆ ತಲೆದೂಗಿದಳು. ಎರಡನೇ ಬೊಟ್ಟು ಸ್ವಲ್ಪ ಕಂಡಿತು. ಮೂರನೆಯದು ಕಣ್ಣು ಕಿರಿದು ಮಾಡಿದರೆ ಮಾತ್ರ. ನಾಲ್ಕನೆಯದನ್ನು ಇಟ್ಟಾಗ ಎಲ್ಲರೂ ಬಗ್ಗಿದ್ದರಿಂದ ಹೊಸಮ್ಮನಿಗೆ ತನ್ನ ಕೈಯೇ ಕಾಣಿಸಲಿಲ್ಲ.

“ಪಕ್ಕಕ್ಕೆ ಸರೀರಿ, ನಾನೂ ನೋಡ್ತೀನಿ,” ಎಂದು ಅವಳು ಎಲ್ಲರನ್ನೂ ಆಚೀಚೆ ತಳ್ಳಿ, ಮಣಿಕಟ್ಟನ್ನು ಬೆಳಕಿಗೆ ಹಿಡಿದಳು. ನೂಲಿನ ಎಳೆ ಹುಡುಕುವ ಕಣ್ಣು ಅದು, ಅದರಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ. ಹೊರಳಿಸಿ ನೋಡಿದಳು. ಬೆರಳಾಡಿಸಿ ನೋಡಿದಳು. ಬೊಟ್ಟು ಎಲ್ಲೂ ಇರಲಿಲ್ಲ. ಇಷ್ಟು ವರ್ಷ ತಾನು ಅವರ ಕೈಗಳನ್ನು ನೋಡುತ್ತ ಕೂತಾಗ, ಎದುರಿನ ಸ್ಟೂಲಿನ ಮೇಲೆ ಕೂತವರಿಗೂ ನೋಡಲು ಇದ್ದದ್ದು ತನ್ನ ಕೈಯೇ ಎಂಬುದು ಅವಳಿಗೆ ಆಗ ಹೊಳೆಯಿತು. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ, ಬಣ್ಣ ಹಾಳಾಗುತ್ತದೆಂದು ಕೈಯನ್ನು ಹಾಗೇ ಎತ್ತಿ ಹಿಡಿದಿದ್ದಳು.

ಚಿತ್ರದಕ್ಕ ಇದ್ದಿಲು ಹಿಡಿದು ಗೋಡೆಯ ಬಳಿಗೆ ಹೋದಳು.

“ಅಮ್ಮಾ, ಬರೀಲಾ?”

“ಬರಿ,” ಎಂದಳು ಹೊಸಮ್ಮ. “ಆದ್ರೆ ಇವರ ಹಾಗೆ ನಿಲ್ಲಿಸಬೇಡ ಕಣೇ, ನಂಗೆ ಮಂಡಿ ನೋಯುತ್ತೆ. ಒಂದು ಕುರ್ಚಿ ಹಾಕು. ಬೆನ್ನು ಒರಗಿಸೋಕೆ ಆಗೋದು. ಇನ್ನು ಅಲ್ಲೇ ಇರೋದಲ್ವಾ?”

ಮಗಳು ಮೊದಲು ಕುರ್ಚಿ ಬರೆದಳು.